ಹೆಸರು ಕಳೆದುಕೊಂಡ ದನಿ

ಗಿರಿಜಾ, ನಿಮ್ಮ ಮೊಬೈಲಿನಲ್ಲಿ ಎಂಟು ವರ್ಷದಿಂದ ಇರುವ ಆ ಸೋಬಾನೆ ಹಾಡು ನಿಮ್ಮ ತಾಯಿಯದಲ್ಲ. ಯಾರದೆಂದು ನನಗೂ ಗೊತ್ತಿಲ್ಲ. ‘ಇದು ಶಾಂತಮ್ಮನವರದೇ ದನಿ, ಅನುಮಾನವೇ ಬೇಡ’ ಎಂದು ನಿಮ್ಮೆದುರು ನಿಂತು ಹೇಳಿದವನು ನಾನು. ತಿಳಿಯದೆ ಆಡಿದ ಮಾತಲ್ಲ ಅದು — ತಿಳಿದೇ ಆಡಿದ್ದು. ಅದೊಂದೇ ಆಗಿದ್ದರೆ ಇಷ್ಟು ಹೊತ್ತಿಗೆ ಹೇಗಾದರೂ ಬಾಯಿ ಬಿಡುತ್ತಿದ್ದೆನೇನೋ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನು ಮೊದಲೇ ಹೇಳಿದರೆ ಮುಂದಿನದನ್ನು ನೀವು ಓದಲಾರಿರಿ ಎಂಬ ಭಯ ನನಗೆ. ಆದ್ದರಿಂದ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿಮಗೆ ನಾನು ಪ್ರಕಾಶಣ್ಣ. ಶಿಕಾರಿಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು, ವಾರಕ್ಕೊಮ್ಮೆ ಸೊರಬದ ಚಂದ್ರಶೇಖರಪ್ಪನವರ ಅಂಗಡಿಗೆ ಹೋಗಿ ಅಲ್ಲಿನ ಮೆಷಿನ್ನುಗಳನ್ನು ನೋಡಿಕೊಂಡು ಬರುತ್ತಿದ್ದವನು. ನೀವು ಬಂದಾಗ ಅದು ಮೊಬೈಲ್ ರೀಚಾರ್ಜ್, ಝೆರಾಕ್ಸಿನ ಅಂಗಡಿಯಾಗಿತ್ತು. ಮೊದಲು ಅದು ಕ್ಯಾಸೆಟ್ ಅಂಗಡಿ. ಆಗೆಲ್ಲ ಚಂದ್ರಶೇಖರಪ್ಪನವರು ಟೇಪ್‌ರೆಕಾರ್ಡರ್ ಹೆಗಲಿಗೇರಿಸಿಕೊಂಡು ಸೊರಬ, ಆನವಟ್ಟಿ, ಶಿಕಾರಿಪುರ ಎಂದು ಮದುವೆ ಮನೆಗಳಿಗೆಲ್ಲ ಹೋಗಿ ಹೆಂಗಸರ ಸೋಬಾನೆ, ಒಡಪು ಎಲ್ಲವನ್ನೂ ಹಿಡಿದು ತರುತ್ತಿದ್ದರು. ಮುಂದೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಲು ಶುರುವಾದಾಗ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿ, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದರು. ಅಲ್ಲಿಂದ ಮುಂದೆ ಆ ದನಿಗಳೆಲ್ಲ ಇದ್ದದ್ದು ಒಂದೇ ಕಡೆ. ಝೆರಾಕ್ಸ್ ಮೆಷಿನ್ನಿನ ಹಿಂದೆ, ಅಕ್ಕಿ ಮೂಟೆಯಷ್ಟು ಭಾರದ ಒಂದು ಹಳೇ ಸರ್ವರಿನಲ್ಲಿ. ಶಿವಮೊಗ್ಗದ ಯಾವುದೋ ಆಫೀಸಿನವರು ಬೇಡವೆಂದು ಮಾರಿದ್ದನ್ನು ‘ಗಟ್ಟಿ ಮೆಷಿನ್, ತಗೊಳ್ರಿ’ ಎಂದು ಕೊಡಿಸಿದವನೂ ನಾನೇ.

ಅಂಥ ಮೆಷಿನ್ನುಗಳಿಗೆ ಒಂದು ಒಳ್ಳೆಯ ಅಭ್ಯಾಸವಿರುತ್ತದೆ. ಆರಿಸಿ ಹೊತ್ತಿಸುವುದು ಇಷ್ಟು ಸಲ ಆಯಿತೆಂದರೆ ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ಇಟ್ಟದ್ದು ಇಟ್ಟಲ್ಲಿ ಇದೆಯೇ, ಹೆಸರಿಗೆ ತಕ್ಕ ಫೈಲು ಉಂಟೇ ಎಂದು ನೋಡಿ, ಸಣ್ಣಪುಟ್ಟ ದೋಷವಿದ್ದರೆ ಸರಿಮಾಡಿಕೊಂಡು ಏಳುತ್ತದೆ. ಆದರೆ ನಮ್ಮ ಕಡೆಯ ಕರೆಂಟಿನ ಕತೆ ನಿಮಗೆ ಗೊತ್ತಲ್ಲ. ಹೋಗುತ್ತದೆ, ಬರುತ್ತದೆ, ಬಂದೆ ಎನ್ನುವಷ್ಟರಲ್ಲಿ ಮತ್ತೆ ಹೋಗುತ್ತದೆ. ಸರ್ವರ್ ತಪಾಸಣೆಗೆ ಕೂತಿತೆಂದರೆ ಪೆನ್‌ಡ್ರೈವ್ ಹಿಡಿದುಕೊಂಡು ಬಂದವರು ಕಾದು ಕಾದು ಎದ್ದು ಹೋಗುತ್ತಿದ್ದರು.

“ಎಂತ ಮಾರಾಯ, ನಿನ್ನ ಮೆಷಿನ್ ಏಳೋ ಹೊತ್ತಿಗೆ ಗಿರಾಕಿ ಮನೆ ಮುಟ್ಟಿರ್ತಾರೆ” ಎಂದು ಚಂದ್ರಶೇಖರಪ್ಪನವರು ಗೊಣಗಿದರು. ನಾನು ಒಂದೇ ಒಂದು ಸಾಲು ಟೈಪ್ ಮಾಡಿ ಆ ತಪಾಸಣೆಯನ್ನೇ ನಿಲ್ಲಿಸಿಬಿಟ್ಟೆ. ಏನು ಮಾಡಿದೆನೆಂದು ಅವರಿಗೆ ಹೇಳಲಿಲ್ಲ. ‘ಸ್ಪೀಡ್ ಮಾಡಿದೀನಿ’ ಎಂದೆ. ಅವರು ಖುಷಿಯಿಂದ ಟೀ ತರಿಸಿದರು. ತಿಂಗಳಿಗೊಮ್ಮೆ ನಾನೇ ಕೈಯಾರೆ ತಪಾಸಣೆ ಮಾಡಿದರಾಯಿತು ಎಂದುಕೊಂಡಿದ್ದೆ. ಒಂದೆರಡು ಸಲ ಮಾಡಿದ್ದೂ ಉಂಟು. ಆಮೇಲೆ — ಆಮೇಲೆ ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಿರುತ್ತಿತ್ತು. ಮುಂದಿನ ವಾರ ನೋಡೋಣ ಎನ್ನುತ್ತಿದ್ದೆ. ಹಾಗೆ ಎರಡು ಮಳೆಗಾಲ ಕಳೆದವು.

ನೀವು ಮೊದಲ ಸಲ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಆನವಟ್ಟಿಯ ಗಂಡನ ಮನೆಯಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದಿರಿ. ತುಂಬಿದ ಬಸುರಿ. ಬಳ್ಳಿಗಾವಿಯ ತವರಿನಲ್ಲಿ ಉಡಿ ತುಂಬುವ ಕುಬಸದ ಶಾಸ್ತ್ರಕ್ಕೆ ದಿನ ಗೊತ್ತಾಗಿತ್ತು. ನೀವು ಇನ್ನೂ ಅಂಬೆಗಾಲಿಡುವ ಮೊದಲೇ ನಿಮ್ಮ ತಾಯಿ ತೀರಿಕೊಂಡರಂತೆ, ಸಾಕಿದವರು ಅಜ್ಜಿಯಂತೆ. ಆನವಟ್ಟಿಯ ಒಂದು ಮದುವೆಯಲ್ಲಿ ಸೊರಬದ ಕ್ಯಾಸೆಟ್ ಅಂಗಡಿಯವರು ರೆಕಾರ್ಡ್ ಮಾಡಿಕೊಂಡಿದ್ದರೆಂದೂ ಅದರಲ್ಲಿ ನಿಮ್ಮ ತಾಯಿಯ ದನಿ ಇದೆಯೆಂದೂ ಆ ಅಜ್ಜಿ ಸಾಯುವ ಮುಂಚೆ ಹೇಳಿದ್ದರಂತೆ. “ನಮ್ಮವ್ವನ ದನಿ ನಾ ಕೇಳೇ ಇಲ್ಲಣ್ಣಾ. ಕುಬಸದ ದಿನ ಒಂದ್ಸಲ ಕೇಳ್ಬೇಕು” ಎಂದಿರಿ. ದನಿ ಇದೆ ಎಂದಷ್ಟೇ ಅಜ್ಜಿ ಹೇಳಿದ್ದು. ಹಾಡು ಎಂದು ಅವರು ಹೇಳಿರಲಿಲ್ಲ. ಅದನ್ನು ನಾವಿಬ್ಬರೂ ನಮ್ಮ ಪಾಡಿಗೆ ಅಂದುಕೊಂಡೆವು.

ನಾನು ಹುಡುಕಿದೆ. ಇತ್ತು, ಗಿರಿಜಾ. ನೀವು ಹೇಳಿದ ಮದುವೆ ಮನೆಯವರ ಹೆಸರು, ಆನವಟ್ಟಿ ಎಂದು ಊರಿನ ಹೆಸರು, ಎಲ್ಲ ಸರಿಯಾಗಿ ಬರೆದ ಫೈಲು ತೆರೆಯ ಮೇಲೆ ಕಾಣುತ್ತಿತ್ತು. ನಾನು ‘ಇದೆ’ ಎಂದೆ. ನೀವು ಮೇಜಿನ ಅಂಚು ಹಿಡಿದುಕೊಂಡಿರಿ. ಅಷ್ಟರಲ್ಲಿ ಚಂದ್ರಶೇಖರಪ್ಪನವರು ಅಂಗಡಿ ತೊಳೆಸಿ, ಪೂಜೆಗೆಂದು ಒಂದೊಂದೇ ಮೆಷಿನ್ ಆರಿಸುತ್ತ ಬಂದರು. ವರ್ಷಕ್ಕೆ ಆ ಒಂದು ಹಬ್ಬಕ್ಕೆ ಮಾತ್ರ ಅವರು ಸರ್ವರ್ ಮೆಷಿನ್ನಿಗೂ ವಿಶ್ರಾಂತಿ ಕೊಡುತ್ತಿದ್ದದ್ದು. ಒರೆಸಿ, ಕುಂಕುಮ ಹಚ್ಚಿ, ಹೂವೇರಿಸಿ, ವಿಜಯದಶಮಿಯ ಬೆಳಗ್ಗೆ ಮತ್ತೆ ಹೊತ್ತಿಸಬೇಕು. “ಹಬ್ಬ ಮುಗಿಸ್ಕಂಡು ಬಾ ತಂಗಿ, ಎಲ್ಲಿ ಓಡಿ ಹೋಗ್ತದೆ?” ಎಂದು ನಕ್ಕರು. ಪೆನ್‌ಡ್ರೈವಿಗೆ ಇಳಿಸಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಕಿತ್ತು. ಒಂದು ನಿಮಿಷ ಇರಿ ಎಂದು ನಾನು ಹೇಳಬಹುದಿತ್ತು. ನನಗೆ ಊರಿಗೆ ಮರಳುವ ಶಿರಾಳಕೊಪ್ಪದ ಬಸ್ಸಿನ ಚಿಂತೆ. ಹಬ್ಬದ ಮುನ್ನಾದಿನ ಸೀಟು ಸಿಗುವುದಿಲ್ಲ. ನಾನೂ ತಲೆಯಾಡಿಸಿದೆ.

ವಿಜಯದಶಮಿಯ ಬೆಳಗ್ಗೆ ಹೊತ್ತಿಸಿದರೆ ಸರ್ವರ್ ಏಳಲಿಲ್ಲ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ. ಡಿಸ್ಕಿನಲ್ಲಿ ದೋಷಗಳಿವೆ, ಕೈಯಾರೆ ಸರಿಪಡಿಸು ಎಂದು. ಎರಡು ವರ್ಷದ ಕರೆಂಟಿನ ಹೊಡೆತ ಒಳಗೊಳಗೇ ಸೇರಿಕೊಂಡು ಕೂತಿತ್ತು. ನೋಡಿಕೊಳ್ಳಬೇಕಾದ ಕಣ್ಣನ್ನು ನಾನೇ ಮುಚ್ಚಿಸಿದ್ದೆ. ಈ ಕೆಲಸ ಕಲಿತವರಿಗೆ ಮೊದಲು ಹೇಳಿಕೊಡುವ ಪಾಠ ಒಂದೇ: ಕೆಟ್ಟ ಡಿಸ್ಕನ್ನು ರಿಪೇರಿ ಮಾಡುವ ಮೊದಲು ಹೇಗಿದೆಯೋ ಹಾಗೆ ಅದರದೊಂದು ನಕಲು ತೆಗೆದಿಟ್ಟುಕೋ. ರಿಪೇರಿ ಎಡವಿದರೆ ಹಿಂದಕ್ಕೆ ಬರಲು ಬೇರೆ ದಾರಿಯಿಲ್ಲ. ನಕಲಿಗೆ ಬೇಕಾದಷ್ಟು ದೊಡ್ಡ ಡಿಸ್ಕು ನನ್ನಲ್ಲಿರಲಿಲ್ಲ. ಶಿವಮೊಗ್ಗದ ಅಂಗಡಿಗಳು ಹಬ್ಬಕ್ಕೆ ಬಾಗಿಲು ಹಾಕಿದ್ದವು. ಎರಡು ದಿನ ಕಾಯಬಹುದಿತ್ತು. ಆದರೆ ಕಾದರೆ ಏಕೆ, ಏನಾಯಿತು, ಹೇಗಾಯಿತು ಎಂದು ಚಂದ್ರಶೇಖರಪ್ಪನವರು ಕೇಳುತ್ತಾರೆ. ಅವರು ಕೇಳುವ ಮೊದಲೇ ಎಲ್ಲ ಸರಿಮಾಡಿ ಎದ್ದುಬಿಡಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿ.

ರಿಪೇರಿ ಶುರುಮಾಡಿದೆ. ಅದು ಒಂದೊಂದಕ್ಕೂ ಅಪ್ಪಣೆ ಕೇಳುತ್ತದೆ. ಈ ಫೈಲಿಗೂ ಅದರ ಹೆಸರಿಗೂ ತಾಳೆಯಿಲ್ಲ, ಸರಿಪಡಿಸಲೇ? ಹೌದೆಂದರೆ ‘ವೈ’ ಒತ್ತಬೇಕು. ಇದನ್ನು ಅಳಿಸಲೇ? ವೈ. ಇದಕ್ಕೆ ಹೆಸರಿಲ್ಲ, ಎತ್ತಿ ಬೇರೆಡೆ ಇಡಲೇ? ವೈ. ಮೊದಮೊದಲು ಓದಿ ಒತ್ತಿದೆ. ಆಮೇಲೆ ಓದದೆ ಒತ್ತಿದೆ. ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಹಿತ್ತಲ ಮನೆಯಿಂದ ಚಂದ್ರಶೇಖರಪ್ಪನವರ ಹೆಂಡತಿ, “ಹೋಳಿಗೆ ಆರಿ ಹೋಗ್ತದೆ, ಬಾರಪ್ಪ” ಎಂದು ಕೂಗುತ್ತಿದ್ದರು. ಪಕ್ಕದಲ್ಲೇ ಪೂಜೆಯ ಹಿತ್ತಾಳೆ ಬಟ್ಟಲು, ತುಂಬ ಕುಂಕುಮ. ಅದನ್ನೆತ್ತಿ ‘ವೈ’ ಕೀಲಿಯ ಮೇಲೆ ಇಟ್ಟೆ. ಕೀಲಿ ಒತ್ತಿಕೊಂಡೇ ಉಳಿಯಿತು, ಪ್ರಶ್ನೆಗಳು ಸರಸರನೆ ಮೇಲೇರಿ ಮಾಯವಾಗತೊಡಗಿದವು. ನಾನು ಕೈ ತೊಳೆದು ಊಟಕ್ಕೆ ಕೂತೆ.

ನಗು ಬರುತ್ತದಲ್ಲವೇ? ಗೆಳೆಯರ ನಡುವೆ ಇದನ್ನೇ ತಮಾಷೆಯ ಕತೆಯಾಗಿ ಹೇಳಿ ನಗಿಸಿದ್ದೇನೆ. ಹೇಳುವಾಗ ಆ ಸರ್ವರಿನಲ್ಲಿ ಏನಿತ್ತು ಎಂಬುದನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ.

ಬಂದು ನೋಡಿದರೆ ರಿಪೇರಿ ಮುಗಿದಿತ್ತು. ಡಿಸ್ಕಿನಲ್ಲಿ ದನಿ ಒಂದು ಕಡೆ ಇರುತ್ತದೆ, ಅದರ ಹೆಸರು ಇನ್ನೊಂದು ಕಡೆ ಇರುತ್ತದೆ, ನಡುವೆ ಒಂದು ಎಳೆ. ಆ ಎಳೆ ಕಡಿದರೆ ಮೆಷಿನ್ ದನಿಯನ್ನು ಎಸೆಯುವುದಿಲ್ಲ. ಕಳೆದುಹೋಗಿ ಸಿಕ್ಕವುಗಳಿಗೆಂದೇ ಒಂದು ಫೋಲ್ಡರ್ ಇರುತ್ತದೆ, ಅದರಲ್ಲಿ ಹಾಕಿ ಹೆಸರಿನ ಬದಲು ಒಂದು ನಂಬರು ಅಂಟಿಸುತ್ತದೆ. ನಾನು ನೋಡಿದಾಗ ಚಂದ್ರಶೇಖರಪ್ಪನವರ ಅಷ್ಟೂ ಮದುವೆಗಳು ಆ ಫೋಲ್ಡರಿನಲ್ಲಿದ್ದವು. ಬರೀ ನಂಬರು. ಕಲ್ಯಾಣ ಮಂಟಪದ ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿಗಳ ಹಾಗೆ ಎಲ್ಲ ಇವೆ, ಯಾವುದು ಯಾರದು ತಿಳಿಯದು. ಕೆಲವು ತೆರೆದವು, ಕೆಲವು ತೆರೆಯಲೇ ಇಲ್ಲ.

ಚಂದ್ರಶೇಖರಪ್ಪನವರ ಮುಖ ಇಳಿದುಹೋಯಿತು. “ನಾನು ಆರಿಸಿದ್ದಕ್ಕೇ ಹಿಂಗಾತೇನೋ ಮಾರಾಯ?” ಎಂದರು. ಇಲ್ಲ, ನನ್ನಿಂದ ಆಯಿತು ಎನ್ನಬೇಕಿತ್ತು. “ಡಿಸ್ಕಿಗೆ ವಯಸ್ಸಾಗಿತ್ತು ಸಾರ್” ಎಂದೆ. ಪೂರ್ತಿ ಸುಳ್ಳಲ್ಲ, ನಿಜವೂ ಅಲ್ಲ. ಮರುವರ್ಷದಿಂದ ಅವರು ಆಯುಧಪೂಜೆಗೆ ಸರ್ವರ್ ಆರಿಸುವುದನ್ನೇ ಬಿಟ್ಟರು. ಓಡುತ್ತಿರುವ ಮೆಷಿನ್ನಿಗೆ ದೂರದಿಂದ ಅಂಜುತ್ತ ಕುಂಕುಮ ಹಚ್ಚಿ, ತಪ್ಪು ಮಾಡಿದವರ ಹಾಗೆ ಹಿಂದೆ ಸರಿಯುತ್ತಿದ್ದರು. ಅದನ್ನೂ ನಾನು ನೋಡುತ್ತ ನಿಂತಿದ್ದೇನೆ.

ಆ ವಾರವೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಂಬರಿನ ಫೈಲುಗಳಿಗೆ ಹೆಸರು ಹುಡುಕಿದೆ. ಸೋಬಾನೆಯಲ್ಲಿ ಮದುಮಗ, ಮದುಮಗಳ ಹೆಸರು ಸೇರಿಸಿ ಹಾಡುತ್ತಾರಲ್ಲ, ಅದರಿಂದ ಎಷ್ಟೋ ಮದುವೆಗಳ ಗುರುತು ಹತ್ತಿತು. ಇನ್ನೊಂದು ದಾರಿ ಒಡಪು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ಹೆಂಗಸರು ಮದುವೆ ಮನೆಯಲ್ಲಿ ಮಾತ್ರ ಪ್ರಾಸದ ಸಾಲಿನೊಳಗೆ ಹೆಣೆದು ಹೇಳಬೇಕು, ಹೇಳದಿದ್ದರೆ ಉಳಿದವರು ಬಾಗಿಲು ಕಟ್ಟಿ ನಿಲ್ಲುತ್ತಾರೆ. ನಿಮ್ಮ ತಂದೆಯ ಹೆಸರು ಸಿದ್ದಲಿಂಗಪ್ಪ. ನಾನು ಆ ಹೆಸರಿಗಾಗಿ ಕಿವಿ ನೆಟ್ಟು ಕೂತೆ. ಸಿಕ್ಕಿತು. ಒಬ್ಬಾಕೆ ಬೆಳ್ಳಿ ಬಟ್ಟಲು, ಬೆಣ್ಣೆ ಎಂದೇನೋ ಸೇರಿಸಿ ಸಿದ್ದಲಿಂಗಪ್ಪನ ಹೆಸರು ಹೇಳಿ, ಹಿಂದೆಯೇ ಸೋಬಾನೆ ಎತ್ತಿಕೊಂಡಳು. ಎಂಥ ದನಿ! ಅಯ್ಯಪ್ಪ, ಬದುಕಿದೆ ಎಂದುಕೊಂಡೆ.

ಹಾಡಿನ ಮೂರನೆಯ ಸಾಲಿನಲ್ಲಿ ಮದುಮಗಳ ಹೆಸರು ಬಂತು. ಅದು ನೀವು ಹೇಳಿದ ಮದುವೆಯಲ್ಲ. ಮುಂದೆ ಊರಿನ ಹೆಸರೂ ಬಂತು. ಆನವಟ್ಟಿಯಲ್ಲ. ನಮ್ಮ ಕಡೆ ಸಿದ್ದಲಿಂಗಪ್ಪ ಎಂದು ಬೀದಿಯಲ್ಲಿ ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಅಷ್ಟರಲ್ಲಿ ನಿಮ್ಮ ಫೋನು. “ಅಣ್ಣಾ, ನಾಳೆ ಬರ್ಲಾ? ನಾಡಿದ್ದು ಕುಬಸ.” ನಾನು ಬನ್ನಿ ಎಂದೆ. ಫೋನಿಟ್ಟು, ಮದುಮಗಳ ಹೆಸರಿದ್ದ ಸಾಲನ್ನೂ ಊರಿನ ಹೆಸರಿದ್ದ ಸಾಲನ್ನೂ ಕತ್ತರಿಸಿ ತೆಗೆದೆ. ಕತ್ತರಿಸಿದ ಜಾಗ ತಿಳಿಯದ ಹಾಗೆ ಎರಡು ತುದಿ ಜೋಡಿಸಿದೆ. ಆ ಕೆಲಸವನ್ನು ನಾನು ಬಹಳ ನಾಜೂಕಾಗಿ ಮಾಡಿದೆ, ಗಿರಿಜಾ. ಡಿಸ್ಕಿಗೆ ತೋರದ ಜಾಗರೂಕತೆಯನ್ನೆಲ್ಲ ಅದಕ್ಕೆ ತೋರಿದೆ.

ಮರುದಿನ ನೀವು ಅಂಗಡಿಯ ಸ್ಟೂಲಿನ ಮೇಲೆ ಕೂತು ಕೇಳಿದಿರಿ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು. “ನಮ್ಮವ್ವ ಇಷ್ಟ್ ಚಲೋ ಹಾಡ್ತಿದ್ಲಾ ಅಣ್ಣಾ?” ಎಂದಿರಿ. ಆಗ ನಾನು ಆಡಿದ ಮಾತು ಮೇಲೆ ಬರೆದಿದ್ದೇನೆ. ಮತ್ತೊಮ್ಮೆ ಬರೆಯಲು ಕೈ ಬರುತ್ತಿಲ್ಲ.

ನಿಮಗೆ ಮಗಳಾಯಿತು. ಶಾಂತಾ ಎಂದು ಹೆಸರಿಟ್ಟಿರಿ. ಬಾಣಂತನದಲ್ಲಿದ್ದಾಗಲೇ ಫೋನ್ ಮಾಡಿ, ಅಜ್ಜಿಯ ಹಾಡು ಹಾಕಿದರೇ ಕೂಸು ಮಲಗುವುದು ಎಂದಿರಿ. ಅಂದು ನನಗೆ ಊಟ ಸೇರಲಿಲ್ಲ. ತೆರೆಯದೆ ಉಳಿದಿದ್ದ ಫೈಲುಗಳನ್ನೆಲ್ಲ ಶಿಕಾರಿಪುರದ ನನ್ನ ಅಂಗಡಿಗೆ ತಂದುಕೊಂಡು ಒಂದೊಂದನ್ನೇ ಕೆದಕಲು ಶುರುಮಾಡಿದೆ. ಬಹಳಷ್ಟರಲ್ಲಿ ಬರೀ ಕರಕರ ಸದ್ದು. ಒಂದರಲ್ಲಿ, ತಲೆಯೂ ಇಲ್ಲದ ಬಾಲವೂ ಇಲ್ಲದ ಒಂದು ತುಂಡು ಬದುಕಿಕೊಂಡಿತ್ತು. ಅದರಲ್ಲಿ ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ.

ಹೆಂಗಸರ ಗದ್ದಲ. ಯಾರೋ ಕೂಗುತ್ತಾರೆ: “ಏ ಶಾಂತಾ, ಹೆಸರು ಹೇಳದೆ ಎಲ್ಲಿಗೆ ಹೊಂಟಿ? ಬಾಗಿಲು ಬಿಡಲ್ಲ ನಾವು!”

ಇನ್ನೊಂದು ದನಿ. ಸ್ವಲ್ಪ ಗೊಗ್ಗರು, ನಗು ತಡೆಯಲಾರದೆ ಏದುಸಿರು: “ಬಿಡ್ರೇ, ಗಿರಿಜಾ ಎದ್ದಾಳೆ. ಅಳಾಕೆ ಹತ್ತೈತೆ ಕೂಸು.”

“ಒಡಪು ಹೇಳಿ ಹೋಗು.”

“ಒಡಪು, ಹಾಡು ಒಂದೂ ಬರಲ್ರೇ ನಂಗೆ... ಸಿದ್ದಲಿಂಗಪ್ಪ! ಆತಾ? ಬಿಡ್ರಿನ್ನ!”

ಎಲ್ಲರೂ ಗೊಳ್ಳೆಂದು ನಗುತ್ತಾರೆ. ಬಳೆಗಳ ಸದ್ದು. ಆಮೇಲೆ ದೂರದಿಂದ ಅದೇ ಗೊಗ್ಗರು ದನಿ, “ಬಂದೆ, ಬಂದೆ ನನ್ನವ್ವಾ” — ಅಲ್ಲಿಗೆ ಕಡಿದುಹೋಗುತ್ತದೆ.

ಅವರು ನಿಮ್ಮ ತಾಯಿ. ಹಾಡು ಬಾರದವರು. ಅತ್ತ ಕೂಸು ನೀವು.

ಅದೇ ಗಳಿಗೆ ನಿಮಗೆ ಫೋನ್ ಮಾಡಬೇಕಿತ್ತು. ನಂಬರು ಒತ್ತಿದೆ, ರಿಂಗಾಗುವ ಮೊದಲೇ ಕತ್ತರಿಸಿದೆ. ಇದನ್ನು ಕೊಟ್ಟರೆ ಅದು ಯಾರದು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳಿದರೆ ಕತ್ತರಿಸಿದ್ದನ್ನು ಹೇಳಬೇಕು, ಕತ್ತರಿಸಿದ್ದನ್ನು ಹೇಳಿದರೆ ಬಟ್ಟಲಿನ ಕತೆ ಹೇಳಬೇಕು, ಅದರ ಹಿಂದೆ ತಪಾಸಣೆ ನಿಲ್ಲಿಸಿದ ಕತೆ. ಆಗಷ್ಟೇ ಎರಡು ಮೂರು ಕಡೆ ಮೆಷಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಹೆಸರು ಕೆಡುತ್ತದೆ ಎಂದು ಹೆದರಿದೆ. ನಿಮ್ಮ ಬಾಣಂತನ ಮುಗಿಯಲಿ, ಆಮೇಲೆ ಹೇಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದಾಗಿ ಕೆಲವು ವಾರಕ್ಕೆ ನಿಮ್ಮ ತಂದೆ ಬಂದರು. ಇದು ನಿಮಗೆ ಗೊತ್ತಿಲ್ಲ. ಸಂತೆಗೆಂದು ಶಿಕಾರಿಪುರಕ್ಕೆ ಬಂದವರು ನನ್ನ ಅಂಗಡಿ ಕೇಳಿಕೊಂಡು ಬಂದಿದ್ದರು. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ನಾನು ಕೊಟ್ಟ ನೀರು ಕುಡಿದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮಾತು ತೆಗೆದರು.

“ತಮ್ಮಾ, ಆ ಹಾಡು ನಮ್ಮನೆಯಾಕಿದಲ್ಲ. ಆಕಿಗೆ ಒಂದು ಸಾಲೂ ಹಾಡಾಕೆ ಬರ್ತಿರಲಿಲ್ಲ.”

ಏನೋ ಹೇಳಹೊರಟೆ. ಅವರು ಕೈಯೆತ್ತಿ ತಡೆದರು.

“ಇರ್ಲಿ ಬಿಡು. ಮಗಳು ಖುಷಿಯಾಗಿ ಅದಾಳೆ. ಕುಬಸದ ದಿನ ಆಕಿ ಕೇಳಿದ್ಲು, ಅಪ್ಪಾ, ಅವ್ವಂದೇ ಅಲ್ಲಾ ಅಂತ. ನಾನೂ ಹೂಂ ಅಂದೆ. ನೀನು ಏನೂ ಅನ್ಕಬ್ಯಾಡ.” ಟವೆಲಿನ ಅಂಚು ಮಡಿಸಿದರು. “ನಾನು ಬಂದಿದ್ದು ಬ್ಯಾರೆ ಕೇಳಾಕೆ. ಆಕಿದು... ಹಾಡಲ್ಲ, ಒಂದು ಮಾತು... ಏನಾರ ಉಳದೈತಾ? ನಂಗೆ ದನಿ ಮರ್ತು ಹೋಗೈತೆ ತಮ್ಮಾ. ಮಾರಿ ನೆನಪೈತೆ. ದನಿ ಹೆಂಗಿತ್ತು ಅಂತ ಎಷ್ಟು ನೆನೆಸ್ಕಂಡ್ರೂ ಬರವಲ್ದು.”

ಆ ತುಂಡು ನನ್ನ ಬೆನ್ನ ಹಿಂದಿನ ಕಂಪ್ಯೂಟರಿನಲ್ಲಿತ್ತು. ಕುರ್ಚಿ ತಿರುಗಿಸಿದರೆ ಸಾಕಿತ್ತು.

“ಇಲ್ರೀ” ಎಂದೆ.

ಏಕೆ ಹಾಗೆಂದೆ? ಎಂಟು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಅವರಿಗೆ ನನ್ನ ಸುಳ್ಳು ಗೊತ್ತಾಗಿತ್ತು, ಅದನ್ನು ಮನ್ನಿಸಿಯೂ ಆಗಿತ್ತು. ಇನ್ನು ಹೆದರುವುದಕ್ಕೆ ಏನಿತ್ತು? ಇದು ಯಾವಾಗ ಸಿಕ್ಕಿತು ಎಂದು ಕೇಳುತ್ತಾರೆ, ಸಿಕ್ಕೂ ಏಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ — ಅಷ್ಟೇ. ಅಷ್ಟನ್ನು ಎದುರಿಸಲಾರದೆ ಆ ಮುದುಕರ ಮುಖ ನೋಡಿ ಇಲ್ಲವೆಂದೆ. ಅವರು ‘ಆತು ಬಿಡು’ ಎಂದು ಎದ್ದರು. ಬಸ್‌ಸ್ಟ್ಯಾಂಡ್ ಕಡೆ ನಡೆದು ಹೋಗುವುದು ಅಂಗಡಿಯಿಂದ ಕಾಣುತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಓಡಿಹೋಗಿ ಕರೆತರಬಹುದಿತ್ತು. ಕರೆತರಲಿಲ್ಲ.

ಆಮೇಲೆ ನನ್ನ ಬದುಕೆಲ್ಲ ಬಚ್ಚಿಟ್ಟುಕೊಳ್ಳುವುದೇ ಆಯಿತು. ಆನವಟ್ಟಿಯಲ್ಲಿ ಕೆಲಸವಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ. ಫೋನಿನಲ್ಲಿ ನಿಮ್ಮ ಹೆಸರು ಕಂಡರೆ ಎತ್ತುತ್ತಿರಲಿಲ್ಲ. ನೀವು ಪುಟ್ಟ ಶಾಂತಾಳನ್ನು ಹಾಡು ಕಲಿಯಲು ಹಾಕಿದಿರಿ, ‘ಅಜ್ಜಿಯ ಕಂಠವೇ ಬಂದಿದೆ’ ಎಂದು ಬರೆದು ಅವಳು ಹಾಡುವ ವಿಡಿಯೋ ಕಳಿಸಿದಿರಿ. ನಾನು ಹೆಬ್ಬೆರಳಿನ ಚಿತ್ರ ಒತ್ತಿ ಮೊಬೈಲ್ ಕವುಚಿ ಇಟ್ಟೆ. ಸಂತೆಯಲ್ಲಿ ಸಿಕ್ಕಾಗಲೆಲ್ಲ ನಿಮ್ಮ ತಂದೆ ಆರಾಮಾ ತಮ್ಮಾ ಎಂದು ಕೇಳುತ್ತಿದ್ದರು. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಹೇಳಿಬಿಡುತ್ತಿದ್ದೆನೇ? ಹೇಳುತ್ತಿದ್ದೆ ಎಂದುಕೊಳ್ಳಲು ಆಸೆ. ನಂಬಿಕೆಯಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ — ಹೇಳಲು ನಾಚಿಕೆಯಾಗುತ್ತದೆ — ಮೊದಲು ನನಗೆ ಬಂದದ್ದು ನಿರಾಳದ ಉಸಿರು. ಗೊತ್ತಿದ್ದ ಒಬ್ಬರೂ ಹೋದರು, ಇನ್ನು ಕೇಳುವವರಿಲ್ಲ ಎಂದು. ಆ ಉಸಿರಿನ ಹಿಂದೆಯೇ ನನ್ನ ಮೇಲೆ ನನಗೆ ಹೇಸಿಗೆ ಬಂತು. ಮಣ್ಣಿಗೆಂದು ಬಳ್ಳಿಗಾವಿಗೆ ಬಂದೆ. ಪಡಸಾಲೆಯಲ್ಲಿ ಅವರನ್ನು ಗೋಡೆಗೊರಗಿಸಿ ಕೂರಿಸಿದ್ದಿರಿ, ಹಣೆ ತುಂಬ ವಿಭೂತಿ. ಭಜನೆಯವರು ನಡುವೆ ಸ್ವಲ್ಪ ನಿಲ್ಲಿಸಿದಾಗ ನೀವು ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದು, “ಅವ್ವನ ದನಿ ಕೇಳ್ಕೊಂತ ಹೋಗ್ಲಿ ನಮ್ಮಪ್ಪ” ಎಂದು ಅತ್ತಿರಿ. ಹಾಡು ಶುರುವಾಯಿತು. ನೆರೆದವರೆಲ್ಲ ಕಣ್ಣೊರೆಸಿಕೊಂಡರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನಾನು ಕತ್ತರಿಸಿ ಜೋಡಿಸಿದ ಜಾಗ ಬಂತು. ಯಾರಿಗೂ ತಿಳಿಯಲಿಲ್ಲ.

ಯಾರದೋ ಹೆಂಡತಿಯ ಹಾಡು ಕೇಳುತ್ತ ನಿಮ್ಮ ತಂದೆ ಮಣ್ಣಾದರು. ತಮ್ಮ ಹೆಂಡತಿ ಬಾಯಿತುಂಬ ತಮ್ಮ ಹೆಸರು ಹೇಳಿದ್ದನ್ನು, ಬಹುಶಃ ಜೀವಮಾನದಲ್ಲಿ ಒಮ್ಮೆ ಹೇಳಿದ್ದನ್ನು, ಅವರು ಕೇಳಲಿಲ್ಲ. ಕೇಳಲು ಬಂದಿದ್ದರು. ಬಾಗಿಲಿಗೇ ಬಂದಿದ್ದರು.

ಆ ತುಂಡು ಪೆನ್‌ಡ್ರೈವಿನಲ್ಲಿದೆ. ಇನ್ನೂ ಎರಡು ಕಡೆ ನಕಲು ತೆಗೆದಿಟ್ಟಿದ್ದೇನೆ, ನೀವು ಹೇಳಿದ ಮೇಲೆ ಅವನ್ನು ಅಳಿಸುತ್ತೇನೆ. ನಾಳೆ ಬೆಳಗ್ಗೆ ಆನವಟ್ಟಿಗೆ ನಾನೇ ಬರುತ್ತೇನೆ. ಈ ಹಾಳೆಗಳನ್ನು ಮೊದಲು ಕೊಡುತ್ತೇನೆ, ಬಾಯಿಂದ ಹೇಳಹೊರಟರೆ ಮತ್ತೆ ಎಲ್ಲಿ ನುಂಗಿಕೊಂಡುಬಿಡುತ್ತೇನೋ ಎಂಬ ಹೆದರಿಕೆ. ನೀವು ಓದಿ ಮುಗಿಸುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಅಲ್ಲಿಂದ ಸೊರಬಕ್ಕೆ ಹೋಗಿ ಚಂದ್ರಶೇಖರಪ್ಪನವರಿಗೂ ಹೇಳುವುದಿದೆ. ಪುಟ್ಟ ಶಾಂತಾಳಿಗೆ ಏನು ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ಅದನ್ನು ನಿಮ್ಮ ಮೇಲೆ ಹಾಕಿ ಹೋಗುತ್ತಿದ್ದೇನೆ, ಅದೂ ನನ್ನ ತಪ್ಪೇ.

ಬಯ್ಯಿರಿ. ಬಾಗಿಲು ಹಾಕಿಕೊಳ್ಳಿ. ಊರಿನವರ ಮುಂದೆ ನಿಲ್ಲಿಸಿ ಕೇಳಬೇಕೆನಿಸಿದರೆ ನಿಲ್ಲಿಸಿ, ನಿಲ್ಲುತ್ತೇನೆ. ‘ಇರ್ಲಿ ಬಿಡಿ ಅಣ್ಣಾ’ ಎಂದು ಮಾತ್ರ ಹೇಳಬೇಡಿ. ನಿಮ್ಮ ತಂದೆ ಹಾಗೆಯೇ ಹೇಳಿದ್ದರು. ಹೇಳಿದ ಮೇಲೆ ಒಂದು ಮಾತು ಉಳಿದಿದೆಯೇ ಎಂದು ಕೇಳಿದರು. ನಾನು ಇಲ್ಲ ಎಂದೆ.